ದೇಶಗಳ ಲೆಕ್ಕ, ನಮ್ಮ ಪಾಲಿನ ಕೆಲಸ

(ಕೂಟದ ಸಂಸ್ಥಾಪನಾ ದಿನೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂಥ ಸಮಾರಂಭಗಳಲ್ಲಿ ವೈದ್ಯರನ್ನು ಮಾತಿಗೆ ಕರೆದರೆ ಸಾಮಾನ್ಯವಾಗಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್ ಈ ಮೂರರಲ್ಲಿ ಒಂದನ್ನು ಕುರಿತು ಹೇಳಿ ಎನ್ನುತ್ತಾರೆ. ಆಮೇಲೆ ಒಬ್ಬಟ್ಟು ಬಡಿಸುತ್ತಾರೆ! ಈ ಸಲ ಬೇರೆ ವಿಷಯಕ್ಕೆ ಅನುಮತಿ ಕೊಡಿ ಎಂದು ಸಮಿತಿಯವರನ್ನು ಕೇಳಿಕೊಂಡೆವು. ಅವರು ದೊಡ್ಡ ಮನಸ್ಸು ಮಾಡಿ ಒಪ್ಪಿದರು. ಲೋಕದ ದೇಶಗಳು ತಮ್ಮ ತಮ್ಮ ಜನರನ್ನು ಎಣಿಸಿ, ಅಳೆದು, ಬಹಿರಂಗವಾಗಿ ಇಟ್ಟಿರುವ ಅಂಕಿ ಅಂಶಗಳನ್ನು ಎಲ್ಲರೂ ಕೂಡಿ ಕಟ್ಟುವ ಜ್ಞಾನಭಂಡಾರಕ್ಕೆ ಸೇರಿಸುವುದು ಹೇಗೆ, ಅದರಲ್ಲಿ ಕನ್ನಡಿಗರಾದ ನಮಗೆ ಏನು ಪಾಲಿದೆ ಎಂಬುದು ಇಂದಿನ ವಿಷಯ.

ನಮ್ಮ ಮಕ್ಕಳಿಗೆ ಇಲ್ಲಿನ ಶಾಲೆಯಲ್ಲಿ ಯಾವುದಾದರೂ ಒಂದು ದೇಶವನ್ನು ಕುರಿತು ಬರೆದು ತರಲು ಹೇಳುತ್ತಾರೆ. ನಮ್ಮ ಮಕ್ಕಳು ಬಹುಪಾಲು ಭಾರತವನ್ನೇ ಆರಿಸಿಕೊಳ್ಳುತ್ತಾರೆ. ಜನಸಂಖ್ಯೆ ಎಷ್ಟು ಎಂದು ಹುಡುಕಿದರೆ ಒಂದು ಕಡೆ 121 ಕೋಟಿ, ಇನ್ನೊಂದು ಕಡೆ 143 ಕೋಟಿ. ಯಾವುದು ಸರಿ ಎಂದು ಮಗು ಕೇಳುತ್ತದೆ. ಉತ್ತರ ಹೇಳಬೇಕಾದರೆ ಎಣಿಸಿದವರು ಯಾರು, ಯಾವಾಗ, ಹೇಗೆ ಎಂಬ ಮೂರು ಪ್ರಶ್ನೆಗಳನ್ನು ನಾವು ಮೊದಲು ಕೇಳಬೇಕು. ಮೊದಲನೆಯದು 2011ರ ಜನಗಣತಿಯ ಎಣಿಕೆ. ಎರಡನೆಯದು 2023ರ ನಡುವಿಗೆ ವಿಶ್ವಸಂಸ್ಥೆಯವರು ಕಟ್ಟಿದ ಅಂದಾಜು. ಎರಡೂ ಸರಿಯೇ. ಆದರೆ ಇಸವಿಯನ್ನೂ ಮೂಲವನ್ನೂ ಕಿತ್ತುಹಾಕಿ ಬರಿಯ ಅಂಕಿಯನ್ನು ಮಾತ್ರ ಇಟ್ಟರೆ ಎರಡೂ ತಪ್ಪೇ.

ವೈದ್ಯ ವೃತ್ತಿಯಲ್ಲಿರುವ ನಮಗೆ ಇದು ಹೊಸ ಮಾತಲ್ಲ. ಎಂಬಿಬಿಎಸ್ ಓದುವಾಗಲೂ, ಇಲ್ಲಿಗೆ ಬಂದು ರೆಸಿಡೆನ್ಸಿ ಮಾಡುವಾಗಲೂ ಹಿರಿಯರು ನಮ್ಮ ತಲೆಗೆ ತುಂಬಿದ ಪಾಠ ಒಂದೇ. ರೋಗಿಯ ರಕ್ತಪರೀಕ್ಷೆಯ ಚೀಟಿಯಲ್ಲಿ ಬರೇ 126 ಎಂದು ಬರೆದಿದ್ದರೆ ಏನು ಪ್ರಯೋಜನ? ಸಕ್ಕರೆಯೋ ಸೋಡಿಯಮ್ಮೋ? ಸಕ್ಕರೆಯಾದರೆ ಬರಿಹೊಟ್ಟೆಯಲ್ಲಿ ತೆಗೆದದ್ದೋ, ಊಟವಾದ ಮೇಲೆ ತೆಗೆದದ್ದೋ? ಇವತ್ತಿನದೋ, ಹೋದ ವರ್ಷದ್ದೋ? ಬರಿಹೊಟ್ಟೆಯಲ್ಲಿ 126 ಇದ್ದರೆ ಸಕ್ಕರೆ ಕಾಯಿಲೆಯ ಗಡಿ ಮುಟ್ಟಿದ ಹಾಗೆ. ಊಟದ ನಂತರ 126 ಇದ್ದರೆ ಚಿಂತೆಯೇ ಇಲ್ಲ. ಅಂಕಿ ಒಂದೇ, ಅರ್ಥ ಎರಡು. ದೇಶಗಳ ಅಂಕಿಗಳೂ ಹೀಗೆಯೇ.

ಈಗ ಆ ಜ್ಞಾನಭಂಡಾರದ ವಿಷಯಕ್ಕೆ ಬರೋಣ. ವಿಕಿಪೀಡಿಯ ನಿಮಗೆಲ್ಲ ಗೊತ್ತು. ಅದು 2001ರಲ್ಲಿ ಆರಂಭವಾಯಿತು; ಕನ್ನಡ ವಿಕಿಪೀಡಿಯ 2003ರಲ್ಲಿ ಹುಟ್ಟಿತು. ಅದರ ತಂಗಿಯಂತೆ 2012ರ ಅಕ್ಟೋಬರ್ 29ರಂದು ವಿಕಿಡೇಟಾ ಎಂಬುದು ಹುಟ್ಟಿತು. ಅದನ್ನು ಕಟ್ಟಿದವರು ಜರ್ಮನಿಯ ವಿಕಿಮೀಡಿಯ ಸಂಸ್ಥೆಯವರು. ಇದರಲ್ಲಿ ಲೇಖನಗಳಿಲ್ಲ; ಸಂಗತಿಗಳು ಮಾತ್ರ ಇವೆ. ಪ್ರತಿಯೊಂದು ವಸ್ತುವಿಗೂ ಒಂದು ನಂಬರು. ಭಾರತಕ್ಕೆ ಕ್ಯೂ 668, ಕರ್ನಾಟಕಕ್ಕೆ ಕ್ಯೂ 1185, ನಮ್ಮ ಕನ್ನಡ ಭಾಷೆಗೆ ಕ್ಯೂ 33673. ಹಾಗೆಯೇ ಪ್ರತಿಯೊಂದು ಗುಣಕ್ಕೂ ಒಂದು ನಂಬರು. ಜನಸಂಖ್ಯೆ ಎಂಬುದು ಪಿ 1082. ಕರ್ನಾಟಕದ ಪುಟ ತೆರೆದು, ಜನಸಂಖ್ಯೆಯ ಸಾಲಿನಲ್ಲಿ 6,10,95,297 ಎಂದು ಬರೆದು, 2011 ಎಂಬ ಇಸವಿಯನ್ನೂ, ಭಾರತದ ಜನಗಣತಿ ಎಂಬ ಮೂಲವನ್ನೂ ಅದರ ಕೆಳಗೆ ಕಟ್ಟಿದರೆ ಒಂದು ಹೇಳಿಕೆ ಪೂರ್ತಿಯಾದಂತೆ.

ಇದರ ಸೊಗಸು ಎಲ್ಲಿದೆ ನೋಡಿ. ಮೊದಲೆಲ್ಲ ಒಂದೊಂದು ಭಾಷೆಯ ವಿಕಿಪೀಡಿಯದಲ್ಲೂ ಪ್ರತಿ ದೇಶದ ಜನಸಂಖ್ಯೆಯನ್ನು ಬೇರೆ ಬೇರೆಯಾಗಿ ಬರೆಯಬೇಕಾಗಿತ್ತು. ಇಂಗ್ಲಿಷ್ ಪುಟವನ್ನು ನೂರು ಜನ ತಿದ್ದುತ್ತಾರೆ. ಕನ್ನಡ ಪುಟವನ್ನು ತಿದ್ದುವ ಕೈಗಳು ಕಡಿಮೆ. ಹತ್ತು ವರ್ಷದ ಹಿಂದಿನ ಅಂಕಿ ಹಾಗೆಯೇ ಉಳಿಯುತ್ತಿತ್ತು. ಈಗ ಅಂಕಿಯನ್ನು ಒಂದು ಕಡೆ ಸರಿಯಾಗಿ ಇಟ್ಟರೆ, ಅಲ್ಲಿಂದ ಸೇದಿಕೊಳ್ಳುವಂತೆ ಕಟ್ಟಿದ ಪುಟ ಯಾವ ಭಾಷೆಯದಾದರೂ ಅಲ್ಲಿ ಹೊಸ ಅಂಕಿ ಬರುತ್ತದೆ. ಜಪಾನಿನಲ್ಲಿ ಕುಳಿತ ಯಾರೋ ಮಹನೀಯರು ಕೀನ್ಯಾ ದೇಶದ ಅಂಕಿಯನ್ನು ತಿದ್ದಿದರೆ ಅದು ಗದಗಿನ ವಿದ್ಯಾರ್ಥಿಗೆ ಕನ್ನಡದಲ್ಲಿ ಕಾಣುತ್ತದೆ. ಸಣ್ಣ ಭಾಷೆ, ದೊಡ್ಡ ಭಾಷೆ ಎಂಬ ಭೇದ ಅಂಕಿಗೆ ಇಲ್ಲ.

ಹಾಗಾದರೆ ವಿಶ್ವಬ್ಯಾಂಕಿನ ಅಂಕಿಗಳನ್ನೆಲ್ಲ ಒಂದೇ ಸಲಕ್ಕೆ ಸುರಿದುಬಿಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ವಿಶ್ವಬ್ಯಾಂಕ್ 2010ರಲ್ಲಿ ತನ್ನ ಅಂಕಿ ಅಂಶಗಳನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಭಾರತ ಸರ್ಕಾರ 2012ರಲ್ಲಿ ಅಂಕಿಗಳ ಹಂಚಿಕೆಗೆಂದೇ ಒಂದು ನೀತಿಯನ್ನು ಮಾಡಿತು. ಸರಕು ಬೇಕಾದಷ್ಟಿದೆ. ಸುರಿಯುವ ಸಲಕರಣೆಗಳೂ ಇವೆ. ಓಪನ್‌ರಿಫೈನ್ ಎಂಬ ತಂತ್ರಾಂಶದಲ್ಲಿ ಕೋಷ್ಟಕವನ್ನು ಸೋಸಿ, ಹೆಸರುಗಳನ್ನು ಹೊಂದಿಸಿ, ಸಾವಿರಾರು ಹೇಳಿಕೆಗಳನ್ನು ಒಟ್ಟಿಗೆ ಕಳಿಸಬಹುದು. ಕ್ವಿಕ್‌ಸ್ಟೇಟ್‌ಮೆಂಟ್ಸ್ ಎಂಬ ಇನ್ನೊಂದು ಸಲಕರಣೆಯೂ ಇದೆ. ಆದರೆ ನಮ್ಮ ಹಿರಿಯರು ಹೇಳಿದ್ದಾರಲ್ಲ, ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂದು. ಸುರಿಯುವ ಮೊದಲು ಆರಿಸುವ ಕೆಲಸವಿದೆ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ನಾಲ್ಕು ಬಗೆಯ ಕಲ್ಲುಗಳನ್ನು ಇಲ್ಲಿ ಹೇಳುತ್ತೇವೆ.

ಮೊದಲನೆಯದು ಹೆಸರಿನ ಕಲ್ಲು. ಅಮೆರಿಕದಲ್ಲಿರುವ ನಮಗೆ ಜಾರ್ಜಿಯ ಎಂದರೆ ಅಟ್ಲಾಂಟ ನಗರವಿರುವ ರಾಜ್ಯ. ವಿಶ್ವಬ್ಯಾಂಕಿನ ಪಟ್ಟಿಯ ಜಾರ್ಜಿಯವೋ ಕಪ್ಪು ಸಮುದ್ರದ ದಡದ ದೇಶ. ಕಾಂಗೋ ಎಂಬ ಹೆಸರಿನ ದೇಶಗಳು ಎರಡಿವೆ, ಅಕ್ಕಪಕ್ಕದಲ್ಲೇ ಇವೆ. ನೈಜರ್ ಬೇರೆ, ನೈಜೀರಿಯ ಬೇರೆ. ಸ್ವಾಜಿಲ್ಯಾಂಡ್ 2018ರಲ್ಲಿ ಎಸ್ವಾಟಿನಿಯಾಯಿತು. ಹೀಗಾಗಿ ಹೆಸರನ್ನು ನಂಬದೆ, ಪ್ರತಿ ದೇಶಕ್ಕೂ ಇರುವ ಮೂರಕ್ಷರದ ಅಂತರರಾಷ್ಟ್ರೀಯ ಸಂಕೇತವನ್ನು ನಂಬಬೇಕು. ಸಾಲದ್ದಕ್ಕೆ ವಿಶ್ವಬ್ಯಾಂಕಿನ ಪಟ್ಟಿಯಲ್ಲಿ ದೇಶಗಳ ನಡುವೆಯೇ ದಕ್ಷಿಣ ಏಷ್ಯ, ಹೆಚ್ಚು ವರಮಾನದ ದೇಶಗಳು ಎಂಬ ಒಟ್ಟು ಲೆಕ್ಕದ ಸಾಲುಗಳೂ ಸೇರಿರುತ್ತವೆ. ಅವನ್ನು ತೆಗೆಯದಿದ್ದರೆ ಮದುವೆ ಮನೆಯ ಪಂಕ್ತಿಯಲ್ಲಿ ಎಲೆ ಎಣಿಸುವಾಗ ಪಂಕ್ತಿಯನ್ನೂ ಒಂದು ಎಲೆಯೆಂದು ಎಣಿಸಿದಂತಾಗುತ್ತದೆ.

ಎರಡನೆಯದು ಗಡಿಯ ಕಲ್ಲು. 2011ರ ಜುಲೈ 9ರಂದು ದಕ್ಷಿಣ ಸುಡಾನ್ ಬೇರೆ ದೇಶವಾಯಿತು. ಅದಕ್ಕೆ ಹಿಂದಿನ ಸುಡಾನಿನ ಅಂಕಿಯನ್ನೂ ಅನಂತರದ ಅಂಕಿಯನ್ನೂ ಒಂದೇ ಗೆರೆಯಲ್ಲಿ ಎಳೆದರೆ, ಒಂದು ರಾತ್ರಿಯಲ್ಲಿ ಲಕ್ಷಾಂತರ ಜನ ಮಾಯವಾದಂತೆ ಕಾಣುತ್ತದೆ! ಅಷ್ಟು ದೂರ ಏಕೆ? 2011ರ ಗಣತಿಯಲ್ಲಿ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 24,52,595. ಆದರೆ 2021ರಲ್ಲಿ ಹೊಸಪೇಟೆ, ಹಡಗಲಿ ಮುಂತಾದ ತಾಲ್ಲೂಕುಗಳು ಸೇರಿ ವಿಜಯನಗರ ಜಿಲ್ಲೆಯಾದವು. ಹಳೆಯ ಅಂಕಿ ಹಳೆಯ ಬಳ್ಳಾರಿಯದು, ಇಂದಿನ ಬಳ್ಳಾರಿಯದಲ್ಲ. ಹಡಗಲಿಯ ಹೆಸರು ಬಂದದ್ದರಿಂದ ಒಂದು ಮಾತು. ಇಪ್ಪತ್ತನೆಯ ಶತಮಾನದ ಮಹಾ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದ ಸಿ. ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ಈ ಹಡಗಲಿಯಲ್ಲೇ, ಒಂದು ತೆಲುಗು ಕುಟುಂಬದಲ್ಲಿ. 2023ರಲ್ಲಿ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಬಂತು. ಅದೇ ವರ್ಷ 102ನೆಯ ವಯಸ್ಸಿನಲ್ಲಿ ಅಮೆರಿಕದಲ್ಲಿ ತೀರಿಕೊಂಡರು. ಅವರು ಹುಟ್ಟಿದಾಗ ಹಡಗಲಿ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಈಗ ಕರ್ನಾಟಕದ ವಿಜಯನಗರ ಜಿಲ್ಲೆಯಲ್ಲಿದೆ. ಊರು ಅಲುಗಲಿಲ್ಲ, ಗಡಿಗಳು ಅಲುಗಿದವು.

ಮೂರನೆಯದು ಅಳತೆಯ ಕಲ್ಲು. ನಾವು 6,10,95,297 ಎಂದು ಬರೆಯುವುದನ್ನು ಇಲ್ಲಿಯವರು 61,095,297 ಎಂದು ಬರೆಯುತ್ತಾರೆ. ಜರ್ಮನಿಯವರು ದಶಮಾಂಶಕ್ಕೇ ಅಲ್ಪವಿರಾಮ ಹಾಕುತ್ತಾರೆ. ಕೆಲವು ಕೋಷ್ಟಕಗಳ ತಲೆಯಲ್ಲಿ ಸಣ್ಣ ಅಕ್ಷರದಲ್ಲಿ ಸಾವಿರಗಳಲ್ಲಿ ಎಂದು ಬರೆದಿರುತ್ತದೆ. ನಮ್ಮ ಕ್ಷೇತ್ರದಲ್ಲೇ ನೋಡಿ. ಶಿಶು ಮರಣವನ್ನು ಸಾವಿರ ಜನನಗಳಿಗೆ ಇಷ್ಟು ಎಂದು ಲೆಕ್ಕ ಹಾಕುತ್ತೇವೆ. ತಾಯಂದಿರ ಮರಣವನ್ನು ಲಕ್ಷ ಜನನಗಳಿಗೆ ಇಷ್ಟು ಎಂದು. 2018ರಿಂದ 20ರವರೆಗಿನ ಮೂರು ವರ್ಷಗಳ ಲೆಕ್ಕದಲ್ಲಿ ತಾಯಂದಿರ ಮರಣ ಭಾರತದಲ್ಲಿ 97, ಕರ್ನಾಟಕದಲ್ಲಿ 69, ಕೇರಳದಲ್ಲಿ 19. ಇದನ್ನು ಒಂದೇ ವರ್ಷದ ಲೆಕ್ಕವೆಂದೋ, ಸಾವಿರಕ್ಕೆ 97 ಎಂದೋ ಯಾರಾದರೂ ಸೇರಿಸಿಬಿಟ್ಟರೆ ಎಂಥ ಅನರ್ಥವಾಗುತ್ತದೆ ಎಂದು ಯೋಚಿಸಿ. ಸರಿಯಾಗಿ ಸೇರಿಸಿದರೆ ಅದೇ ಅಂಕಿ, ಕೇರಳದ ತಾಯಿಗೆ ಸಿಕ್ಕ ಆರೈಕೆ ನಮ್ಮ ತಾಯಿಗೆ ಯಾಕೆ ಸಿಗಲಿಲ್ಲ ಎಂದು ನಮ್ಮನ್ನು ಕೇಳುತ್ತದೆ.

ನಾಲ್ಕನೆಯದು ಮೂಲದ ಕಲ್ಲು. 2020ರಲ್ಲಿ ಭಾರತದ ಶಿಶು ಮರಣ ಸಾವಿರಕ್ಕೆ 28 ಎಂದು ಸ್ಯಾಂಪಲ್ ರಿಜಿಸ್ಟ್ರೇಷನ್ ಸಿಸ್ಟಂ ಹೇಳಿತು. 2019ರಿಂದ 21ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 35 ಎಂದಿತು. ಒಂದನ್ನು ಹಿಡಿದು ಇನ್ನೊಂದನ್ನು ಸುಳ್ಳೆನ್ನುವವರು ಎಲ್ಲ ಕಡೆಯೂ ಇದ್ದಾರೆ. ಮೊದಲನೆಯದರಲ್ಲಿ ಆರಿಸಿದ ಹಳ್ಳಿ, ಬಡಾವಣೆಗಳಲ್ಲಿ ಹುಟ್ಟು ಸಾವುಗಳನ್ನು ಅಲ್ಲಿಯವರೇ ಒಬ್ಬರು ಆಗಿಂದಾಗ ಬರೆಯುತ್ತಾರೆ. ಆರು ತಿಂಗಳಿಗೊಮ್ಮೆ ಬೇರೆಯವರು ಬಂದು ತಾಳೆ ನೋಡುತ್ತಾರೆ. ಎರಡನೆಯದರಲ್ಲಿ ತಾಯಂದಿರನ್ನು ಕೇಳಿ, ಸಮೀಕ್ಷೆಗೆ ಹಿಂದಿನ ಐದು ವರ್ಷಗಳ ಲೆಕ್ಕ ತೆಗೆಯುತ್ತಾರೆ. ವಿಧಾನ ಬೇರೆ, ಅವಧಿ ಬೇರೆ. ಆದ್ದರಿಂದ ಅಂಕಿಯೂ ಬೇರೆ. ವಿಕಿಡೇಟಾದ ಒಂದು ದೊಡ್ಡ ಗುಣವೆಂದರೆ ಅದು ಎರಡನ್ನೂ ಇಟ್ಟುಕೊಳ್ಳುತ್ತದೆ. ಪ್ರತಿಯೊಂದಕ್ಕೂ ಮೂಲ, ಇಸವಿ, ವಿಧಾನಗಳನ್ನು ಕಟ್ಟಿ ಅಕ್ಕಪಕ್ಕದಲ್ಲಿ ಇಡಬಹುದು.

ಇದಕ್ಕಿಂತಲೂ ಕಠಿಣವಾದ ಉದಾಹರಣೆಯಿದೆ. ಕೋವಿಡ್ ಕಾಲದಲ್ಲಿ ನಮ್ಮಲ್ಲಿ ಅನೇಕರು ಊರಿನಲ್ಲಿದ್ದ ಬಂಧುಗಳ ಮುಖವನ್ನು ಕೊನೆಯ ಬಾರಿ ನೋಡಲಿಕ್ಕೂ ಆಗಲಿಲ್ಲ. 2021ರ ಕೊನೆಯವರೆಗೆ ಭಾರತದಲ್ಲಿ ಆ ಕಾಯಿಲೆಯಿಂದ ಸತ್ತವರು ಸುಮಾರು 4.8 ಲಕ್ಷ ಎಂದು ಸರ್ಕಾರದ ಲೆಕ್ಕ. 2020 ಮತ್ತು 21ರ ಎರಡು ವರ್ಷಗಳಲ್ಲಿ, ಎಂದಿನ ಸಾವುಗಳಿಗಿಂತ ಹೆಚ್ಚಾಗಿ ಆದ ಸಾವುಗಳು ಸುಮಾರು 47 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಅಂದಾಜು ಮಾಡಿತು. ಆ ಲೆಕ್ಕದ ವಿಧಾನವನ್ನು ಭಾರತ ಸರ್ಕಾರ ಒಪ್ಪಲಿಲ್ಲ. ಇಲ್ಲಿ ನಾವು ತೀರ್ಪುಗಾರರಾಗಬೇಕಿಲ್ಲ. ಒಂದು ದಾಖಲಾದ ಸಾವುಗಳ ಎಣಿಕೆ, ಇನ್ನೊಂದು ಹೆಚ್ಚುವರಿ ಸಾವುಗಳ ಅಂದಾಜು ಎಂದು ಸ್ಪಷ್ಟವಾಗಿ ಬರೆದಿಡುವುದು ನಮ್ಮ ಕೆಲಸ. ಬರೆಯದೆ ಬಿಟ್ಟರೆ ಹೋದವರಿಗೆ ಎರಡು ಸಲ ಅನ್ಯಾಯ ಮಾಡಿದಂತಾಗುತ್ತದೆ.

ಕಾನೂನಿನ ಮಾತನ್ನೂ ಸ್ವಲ್ಪ ಹೇಳಬೇಕು. ವಿಕಿಡೇಟಾದಲ್ಲಿರುವುದನ್ನು ಯಾರು ಬೇಕಾದರೂ, ಯಾವ ಷರತ್ತೂ ಇಲ್ಲದೆ ಬಳಸಬಹುದು. ವಿಶ್ವಬ್ಯಾಂಕಿನ ಅಂಕಿಗಳೂ ಉಚಿತವೇ. ಆದರೆ ನಮ್ಮ ಹೆಸರು ಹೇಳಿ ಬಳಸಿ ಎಂಬುದು ಅವರ ಷರತ್ತು. ಷರತ್ತಿರುವ ಸರಕನ್ನು ಷರತ್ತಿಲ್ಲದ ಕಣಜಕ್ಕೆ ಸಗಟಾಗಿ ಸುರಿಯುವುದು ಸರಿಯೇ ಎಂಬ ಚರ್ಚೆ ಇದೆ. ದೂರವಾಣಿ ಡೈರೆಕ್ಟರಿಯ ಒಂದು ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1991ರಲ್ಲಿ, ಬರಿಯ ಸಂಗತಿಗಳಿಗೆ ಹಕ್ಕುಸ್ವಾಮ್ಯ ಇಲ್ಲ ಎಂದು ತೀರ್ಪು ಕೊಟ್ಟಿತು. ಯೂರೋಪಿನಲ್ಲಾದರೋ 1996ರ ನಿರ್ದೇಶನವೊಂದು, ಅಂಕಿಗಳನ್ನು ಶ್ರಮಪಟ್ಟು ಕೂಡಿಸಿದವರಿಗೆ ಬೇರೆಯೇ ಒಂದು ಹಕ್ಕನ್ನು ಕೊಟ್ಟಿದೆ. ಆದ್ದರಿಂದ ಸಗಟು ಕೆಲಸಕ್ಕೆ ಇಳಿಯುವವರು ಮೊದಲು ಅಲ್ಲಿನ ಹಿರಿಯ ಸದಸ್ಯರೊಡನೆ ಚರ್ಚಿಸಿ, ಒಪ್ಪಿಗೆ ಪಡೆದೇ ಮುಂದುವರಿಯಬೇಕು.

ಗಾತ್ರದ ತೊಂದರೆಯೂ ಉಂಟು. ವಿಶ್ವಬ್ಯಾಂಕಿನ ಪಟ್ಟಿಯಲ್ಲಿ 217 ದೇಶ ಪ್ರದೇಶಗಳಿವೆ. 1960ರಿಂದ ವರ್ಷಕ್ಕೊಂದು ಅಂಕಿ ಎಂದರೂ ಒಂದೇ ಒಂದು ವಿಷಯಕ್ಕೆ ಸುಮಾರು 14 ಸಾವಿರ ಹೇಳಿಕೆಗಳಾಗುತ್ತವೆ. ಅಂಥ ವಿಷಯಗಳು ಸಾವಿರಕ್ಕೂ ಹೆಚ್ಚು. ಎಲ್ಲವನ್ನೂ ತುಂಬಿದರೆ ಭಾರತದ ಪುಟ ತೆರೆದುಕೊಳ್ಳುವುದೇ ಕಷ್ಟ. ಮುಖ್ಯವಾದವನ್ನು ಆರಿಸಿ, ಉಳಿದ ಉದ್ದ ಪಟ್ಟಿಗಳನ್ನು ಕೋಷ್ಟಕಗಳಾಗಿಯೇ ಬೇರೆ ಕಡೆ ಇಡುವುದು ವಿವೇಕ.

ಅಂಕಿ ಇದ್ದ ಮಾತ್ರಕ್ಕೆ ಯಾರೋ ಎಣಿಸಿದ್ದಾರೆ ಎಂದುಕೊಳ್ಳುವುದೂ ಬೇಡ. ಲೆಬನಾನಿನಲ್ಲಿ ಕೊನೆಯ ಜನಗಣತಿ ನಡೆದದ್ದು 1932ರಲ್ಲಿ. ನೈಜೀರಿಯದಲ್ಲಿ 2006ರಲ್ಲಿ. ಭಾರತದಲ್ಲಿ 2021ರಲ್ಲಿ ಆಗಬೇಕಿದ್ದ ಗಣತಿ ಮುಂದೆ ಹೋಯಿತು. 2025ರ ಜೂನ್‌ನಲ್ಲಿ ಹೊರಟ ಅಧಿಸೂಚನೆಯಂತೆ ಅದರ ಆಧಾರ ದಿನ 2027ರ ಮಾರ್ಚ್ 1. ಆ ಗಣತಿಯ ಫಲ ಬರುವತನಕ 2011ರ ಈಚಿನ ಭಾರತದ ಜನಸಂಖ್ಯೆ ಎಲ್ಲವೂ ಅಂದಾಜೇ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಇಲ್ಲಿ ಪ್ರತ್ಯಕ್ಷವೂ ಇಲ್ಲ!

ಇಷ್ಟೆಲ್ಲ ತಲೆಬಿಸಿ ಯಾಕೆ ಎಂದು ಕೇಳುವವರಿಗೆ ನಮ್ಮ ಮೈಸೂರು ಸೀಮೆಯ ಒಂದು ಸಂಗತಿಯನ್ನು ಹೇಳುತ್ತೇವೆ. ಖಾನೇಷುಮಾರಿ ಎಂದು ನಮ್ಮ ಅಜ್ಜಂದಿರು ಕರೆಯುತ್ತಿದ್ದ ಜನಗಣತಿ ಅಲ್ಲಿ 1871ರಲ್ಲಿ ನಡೆದಾಗ ಜನಸಂಖ್ಯೆ 50 ಲಕ್ಷವನ್ನು ಮೀರಿತ್ತು. 1881ರಲ್ಲಿ ಮತ್ತೆ ಎಣಿಸಿದಾಗ ಅದು 42 ಲಕ್ಷದಷ್ಟಕ್ಕೆ ಇಳಿದಿತ್ತು. ನಡುವೆ ಬಂದು ಹೋದದ್ದು 1876ರಿಂದ 78ರವರೆಗಿನ ಧಾತು ಈಶ್ವರ ಸಂವತ್ಸರಗಳ ಮಹಾ ಕ್ಷಾಮ. ಹಸಿವಿನಿಂದ ಸತ್ತ ಆ ಬಡವರಿಗೆ ಕಲ್ಲಿಲ್ಲ, ಶಾಸನವಿಲ್ಲ, ಹೆಸರೂ ಉಳಿದಿಲ್ಲ. ಅವರು ಇದ್ದರು ಎಂಬುದಕ್ಕೆ ಉಳಿದ ಸಾಕ್ಷಿ ಆ ಎರಡು ಅಂಕಿಗಳ ನಡುವಿನ ವ್ಯತ್ಯಾಸ. ಎರಡರಲ್ಲಿ ಒಂದು ಕಳೆದುಹೋಗಿದ್ದರೂ ಆ ವ್ಯತ್ಯಾಸ ನಮಗೆ ಕಾಣುತ್ತಿರಲಿಲ್ಲ. ಮುಂದೆ 1951 ಮತ್ತು 52ರಲ್ಲಿ ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಕೂಡಿ ಮೈಸೂರು ರಾಜ್ಯದಲ್ಲಿ ಮನೆ ಮನೆಗೆ ಹೋಗಿ ಜನಸಂಖ್ಯಾ ಅಧ್ಯಯನ ನಡೆಸಿದವು. ಅದರ ವರದಿ 1961ರಲ್ಲಿ ಹೊರಬಂತು. ನಮ್ಮ ಅಜ್ಜಿಯಂದಿರು ಅಂದು ಕೊಟ್ಟ ಉತ್ತರಗಳು ಲೋಕದ ಅಂಕಿ ಅಂಶದ ಇತಿಹಾಸದಲ್ಲಿ ಸೇರಿವೆ ಎಂದರೆ ಹೆಮ್ಮೆಯಲ್ಲವೇ?

ಇನ್ನು ನಮ್ಮ ಮನೆಯ ಮಾತು. 2011ರ ಗಣತಿಯಲ್ಲಿ ಕನ್ನಡವನ್ನು ಮಾತೃಭಾಷೆ ಎಂದು ಬರೆಸಿದವರು ಭಾರತದಲ್ಲಿ ಸುಮಾರು 4.37 ಕೋಟಿ. ಅಮೆರಿಕದಲ್ಲಿ ಎಷ್ಟು? ಇಲ್ಲಿನ ಜನಗಣತಿ ಇಲಾಖೆ ಪ್ರತಿವರ್ಷ ಸುಮಾರು 35 ಲಕ್ಷ ವಿಳಾಸಗಳಿಗೆ ಒಂದು ಸಮೀಕ್ಷೆಯನ್ನು ಕಳಿಸುತ್ತದೆ. ಮನೆಯಲ್ಲಿ ಇಂಗ್ಲಿಷ್ ಅಲ್ಲದೆ ಬೇರೆ ಭಾಷೆ ಆಡುತ್ತೀರಾ, ಆಡಿದರೆ ಯಾವುದು ಎಂದು ಅದರಲ್ಲಿ ಕೇಳುತ್ತಾರೆ. ಆದರೆ 2016ರಿಂದ ಮನೆಮಾತುಗಳ ಮುಖ್ಯ ಕೋಷ್ಟಕದಲ್ಲಿ ತೆಲುಗಿಗೆ ಒಂದು ಸಾಲು, ತಮಿಳಿಗೆ ಒಂದು ಸಾಲು. ನಮ್ಮದಕ್ಕೆ ಮಾತ್ರ ಮಲಯಾಳಂ, ಕನ್ನಡ ಅಥವಾ ಇತರ ದ್ರಾವಿಡ ಭಾಷೆಗಳು ಎಂಬ ಒಟ್ಟು ಸಾಲು. ಇದರಲ್ಲಿ ಯಾರ ದ್ವೇಷವೂ ಇಲ್ಲ. ಸಂಖ್ಯೆ ಸಣ್ಣದಾದಾಗ ಒಟ್ಟುಗೂಡಿಸುವುದು ಸಂಖ್ಯಾಶಾಸ್ತ್ರದ ವಾಡಿಕೆ. ಆದರೆ ಆಸ್ಪತ್ರೆಗೆ ಬಂದ ಕನ್ನಡದ ಅಜ್ಜಿಯೊಬ್ಬರಿಗೆ ದುಭಾಷಿ ಬೇಕಾದಾಗ ಒಟ್ಟು ಸಾಲು ಉಪಯೋಗಕ್ಕೆ ಬರುವುದಿಲ್ಲ. ಆಕೆಗೆ ಎದೆನೋವು ಎಲ್ಲಿ, ಯಾವಾಗಿನಿಂದ ಎಂದು ಹೇಳಲು ಕನ್ನಡವೇ ಬೇಕು. ಯಾವ ಊರಿನ ಆಸ್ಪತ್ರೆಗೆ ಯಾವ ಭಾಷೆಯ ದುಭಾಷಿ ಎಷ್ಟು ಬೇಕು ಎಂದು ಯೋಜಿಸುವವರು ನೋಡುವುದು ಇಂಥ ಅಂಕಿಗಳನ್ನೇ.

ಆದ್ದರಿಂದ ಬಂಧುಗಳೇ, ನಮ್ಮ ಪಾಲಿಗೆ ಮೂರು ಕೆಲಸಗಳಿವೆ. ಮೊದಲನೆಯದು ತೀರ ಸುಲಭ. ಆ ಸಮೀಕ್ಷೆಯ ಕಾಗದ ನಿಮ್ಮ ಮನೆಗೆ ಬಂದರೆ ಬುಟ್ಟಿಗೆ ಎಸೆಯಬೇಡಿ. ಭಾಷೆಯ ಜಾಗದಲ್ಲಿ ಇಂಡಿಯನ್ ಎಂದು ಬರೆಯದೆ ಕನ್ನಡ ಎಂದೇ ಬರೆಯಿರಿ. ಕೊಂಕಣಿ, ತುಳು, ಕೊಡವ ಮನೆಮಾತಿನವರು ತಮ್ಮ ತಮ್ಮ ಮಾತಿನ ಹೆಸರನ್ನು ಅಷ್ಟೇ ಅಭಿಮಾನದಿಂದ ಬರೆಯಿರಿ.

ಎರಡನೆಯದು, ವಿಕಿಡೇಟಾದಲ್ಲಿ ಹೆಸರುಗಳನ್ನು ಕನ್ನಡದಲ್ಲಿ ಕೊಡುವುದು. ಅಂಕಿಗೆ ಭಾಷೆ ಇಲ್ಲ, ನಿಜ. ಆದರೆ ಅಂಕಿ ಯಾವುದರದು ಎಂದು ಹೇಳುವ ಹೆಸರಿಗೆ ಭಾಷೆ ಬೇಕು. ಜನಸಂಖ್ಯೆ, ಜೀವಿತಾವಧಿ, ಸಾಕ್ಷರತೆ ಎಂಬ ಪದಗಳೂ, ದೇಶ, ಜಿಲ್ಲೆ, ನದಿ, ಕಾಯಿಲೆಗಳ ಹೆಸರುಗಳೂ ಕನ್ನಡದಲ್ಲಿ ಇದ್ದರೆ ಮಾತ್ರ ಆ ಕಣಜ ಕನ್ನಡದ ಓದುಗನಿಗೆ ತೆರೆದುಕೊಳ್ಳುತ್ತದೆ. ಇದಕ್ಕೆ ಕಂಪ್ಯೂಟರ್ ವಿದ್ಯೆ ಬೇಕಿಲ್ಲ, ಕನ್ನಡ ಬಂದರೆ ಸಾಕು. ಊರಿನಿಂದ ಬಂದು ಆರು ತಿಂಗಳು ನಮ್ಮೊಡನಿರುವ ಹಿರಿಯರಿಗೆ ಹೊತ್ತು ಹೋಗದು ಎಂಬ ದೂರು ಇದೆಯಲ್ಲ, ನಿವೃತ್ತ ಮೇಷ್ಟರುಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದು? ಕನ್ನಡ ಅವರಿಂದ, ಗುಂಡಿ ಒತ್ತುವ ಕೌಶಲ ಮೊಮ್ಮಕ್ಕಳಿಂದ.

ಮೂರನೆಯದು ನಮ್ಮ ತರುಣರಿಗೆ. ಕೂಟದಲ್ಲಿ ಕಂಪ್ಯೂಟರ್ ಬಲ್ಲವರಿಗೇನು ಬರವೇ? ಒಂದು ವಿಷಯವನ್ನು ಹಿಡಿಯಿರಿ. ಉದಾಹರಣೆಗೆ ಕರ್ನಾಟಕದ ಜಿಲ್ಲೆಗಳ ಜನಸಂಖ್ಯೆ. ಪ್ರತಿ ಅಂಕಿಗೂ ಇಸವಿ ಇದೆಯೇ, ಮೂಲ ಇದೆಯೇ, ಗಡಿ ಬದಲಾದದ್ದು ದಾಖಲಾಗಿದೆಯೇ ಎಂದು ನೋಡಿ. ಇಲ್ಲದ ಕಡೆ ಕಟ್ಟಿ. 2027ರ ಗಣತಿಯ ಅಂಕಿಗಳು ಹೊರಬಂದಾಗ ಹಳೆಯದನ್ನು ಅಳಿಸದೆ ಹೊಸದನ್ನು ಪಕ್ಕದಲ್ಲಿ ಸೇರಿಸಲು ಈಗಿನಿಂದಲೇ ಸಿದ್ಧರಾಗಿ. 1871ರ ಅಂಕಿಯನ್ನು ಯಾರೋ ಪುಣ್ಯಾತ್ಮರು ಉಳಿಸಿದ್ದರಿಂದ ತಾನೇ 1881ರ ಅಂಕಿಗೆ ಅರ್ಥ ಬಂದದ್ದು?

ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ. ನಮ್ಮ ಕೂಟ ಬೆಳೆದು ಬಂದದ್ದೂ ಹೀಗೆಯೇ ಅಲ್ಲವೇ? ಒಬ್ಬರು ಚಾಪೆ ತಂದರು, ಒಬ್ಬರು ಅನ್ನ ಮಾಡಿ ತಂದರು, ಒಬ್ಬರು ಲೆಕ್ಕ ಬರೆದರು. ಆ ಲೆಕ್ಕ ಬರೆದ ಮಹನೀಯರಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆದರೂ ಇಂದು ಸ್ಮರಣ ಸಂಚಿಕೆ ಅಚ್ಚು ಹಾಕಿಸುವಾಗ ಎಲ್ಲರೂ ಹುಡುಕಿದ್ದು ಅವರ ಪುಸ್ತಕವನ್ನೇ. ಮುಂದಿನ ತಿಂಗಳು ಕನ್ನಡ ತರಗತಿ ಮುಗಿದ ಮೇಲೆ ಎರಡು ಗಂಟೆ ಈ ಕೆಲಸಕ್ಕೆ ಕೂರೋಣ ಎಂದು ಕೆಲವರು ಸೇರಿ ಗೊತ್ತು ಮಾಡಿದ್ದೇವೆ. ಬರುವವರು ತಮ್ಮ ಕಂಪ್ಯೂಟರನ್ನೂ, ಮನೆಯ ಹಿರಿಯರನ್ನೂ ಕರೆತನ್ನಿ. ಕಾಫಿ ನಮ್ಮದು.

ಇನ್ನು ಒಬ್ಬಟ್ಟಿನ ಲೆಕ್ಕ ನಿಮಗೆ ಬಿಟ್ಟದ್ದು. ಅದನ್ನು ನಾವು ಎಣಿಸುವುದಿಲ್ಲ.

ಸಿರಿಗನ್ನಡಂ ಗೆಲ್ಗೆ.